ಹೆಚ್ಚು ಜನರಿಗೆ ಒಳಿತಾದರೆ ಕೆಲವರ ಊರು ಮುಳುಗುವುದು ಸರಿಯೇ?

ಪ್ರಶ್ನೆ: ನಮ್ಮ ಅಜ್ಜನ ಮನೆ, ತೋಟ ಎರಡೂ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದವು. ಆ ಅಣೆಕಟ್ಟಿನಿಂದ ರಾಜ್ಯಕ್ಕೆ ವಿದ್ಯುತ್ ಬಂತು, ಲಕ್ಷಾಂತರ ಜನರ ಬದುಕು ಸುಧಾರಿಸಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಗಾದರೆ, ಹೆಚ್ಚು ಜನರಿಗೆ ಒಳಿತಾಗುವುದಾದರೆ ಕೆಲವರಿಗೆ ಕೇಡಾಗುವುದು ಸರಿ ಎಂದು ಒಪ್ಪಿಕೊಳ್ಳಬೇಕೇ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಅಣೆಕಟ್ಟು ಕಟ್ಟುವ ತೀರ್ಮಾನ ಸರಿಯಾಗಿತ್ತೇ ಎಂಬುದು ಒಂದು. ಮನೆ ಕಳೆದುಕೊಂಡವರಿಗೆ ಅನ್ಯಾಯವಾಯಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಹೌದು’ ಎಂದವರು ಎರಡನೆಯದಕ್ಕೆ ‘ಇಲ್ಲ’ ಎನ್ನಲೇಬೇಕು ಎಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ತೊಡಕೆಲ್ಲ ಇರುವುದು ಈ ಭಾವನೆಯಲ್ಲಿ ಎಂದು ನನಗೆ ತೋರುತ್ತದೆ.

‘ಹೆಚ್ಚು ಜನರಿಗೆ ಒಳಿತು’ ಎಂಬ ಅಳತೆಗೋಲನ್ನು ಸಿದ್ಧಾಂತವಾಗಿ ಬೆಳೆಸಿದವನು ಇಂಗ್ಲೆಂಡಿನ ಜೆರೆಮಿ ಬೆಂಥಮ್ (1748–1832). ಒಂದು ಕೃತ್ಯ ಸರಿಯೋ ತಪ್ಪೋ ಎಂಬುದನ್ನು ಅದರಿಂದ ಹುಟ್ಟುವ ಒಟ್ಟು ಸುಖದುಃಖಗಳನ್ನು ತೂಗಿ ನಿರ್ಧರಿಸಬೇಕು ಎಂಬ ಅವನ ನಿಲುವಿಗೆ ಉಪಯುಕ್ತತಾವಾದ ಎಂದು ಹೆಸರು. ಇದನ್ನು ಬರೀ ವ್ಯಾಪಾರಿ ಲೆಕ್ಕವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಡೆಯನ ಸುಖಕ್ಕೂ ಆಳಿನ ಸುಖಕ್ಕೂ ಒಂದೇ ತೂಕ ಎಂದು ಹೇಳಿದ ಲೆಕ್ಕ ಅದು. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹವನ್ನು ಕಂಡ ತಾಲ್ಲೂಕಿನವರಿಗೆ ಆ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ನೀರನ್ನು ನೆಚ್ಚಿಕೊಂಡ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ದಶಕಗಳ ಕಾಲ ರಾಜ್ಯದ ಪಂಪ್‌ಸೆಟ್ಟು, ಕಾರ್ಖಾನೆ, ಆಸ್ಪತ್ರೆಗಳಿಗೆ ಅದು ಆಸರೆಯಾಗಿತ್ತು ಎಂಬುದನ್ನು ಯಾವ ತಕ್ಕಡಿಯಲ್ಲಿಟ್ಟರೂ ಅದು ಹಗುರವಾಗುವುದಿಲ್ಲ.

ಈ ಲೆಕ್ಕದ ಮೇಲೆ ಬರುವ ಆಕ್ಷೇಪಗಳು ಎರಡು ಬಗೆಯವು, ಅವನ್ನು ಬೆರೆಸಬಾರದು. ಒಂದು, ಲೆಕ್ಕವನ್ನು ಸರಿಯಾಗಿ ಮಾಡಲಿಲ್ಲ ಎಂಬುದು. ಅಡಿಕೆ ತೋಟಕ್ಕೂ ಗದ್ದೆಗೂ ದರ ಕಟ್ಟಬಹುದು. ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟಕ್ಕೆ, ನಾಗಬನಕ್ಕೆ, ಕಷ್ಟಕ್ಕೆ ಕೂಗಿದರೆ ಓಗೊಡುವ ನೆರೆಮನೆಗೆ ಯಾವ ದರ? ಪರಿಹಾರದ ಲೆಕ್ಕ ದಾಖಲೆಯಲ್ಲಿ ಹೆಸರಿದ್ದವನಿಂದ ಶುರುವಾಗುತ್ತದೆ. ಗೇಣಿಗೆ ಗದ್ದೆ ಮಾಡುತ್ತಿದ್ದವನ, ಕೂಲಿಗೆ ಹೋಗುತ್ತಿದ್ದವಳ ಬದುಕೂ ಅದೇ ನೆಲದಲ್ಲಿ ಬೇರುಬಿಟ್ಟಿತ್ತು. ಆದರೆ ಇದು ಲೆಕ್ಕ ಮಾಡಿದವರ ತಪ್ಪೇ ಹೊರತು ಬೆಂಥಮನದಲ್ಲ. ಬಿಟ್ಟದ್ದನ್ನು ಸೇರಿಸಿ ಮತ್ತೆ ಕೂಡಿಸಿ ಎಂದು ಅವನೇ ಹೇಳುತ್ತಿದ್ದ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು: ಲೆಕ್ಕವನ್ನು ಎಳ್ಳಷ್ಟೂ ತಪ್ಪಿಲ್ಲದೆ ಮಾಡಿದರೂ ಅದು ಉಳಿಯುತ್ತದೆ. ತೋಟದ ಒಂದು ಸಾಲಿನ ಮರಗಳನ್ನು ಕಡಿದು ಬಸಿಗಾಲುವೆ ತೋಡಿಸುವ ಬೆಳೆಗಾರನನ್ನು ನೆನೆಯಿರಿ. ಹೋದ ಮರಗಳ ನಷ್ಟವೂ ಅವನದೇ, ಉಳಿದ ತೋಟದ ಲಾಭವೂ ಅವನದೇ. ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆದು ನೋಡುವುದಕ್ಕೆ ಅರ್ಥವಿದೆ. ನಾಡು ಹೀಗೆ ಒಬ್ಬನೇ ಒಡೆಯನಿರುವ ತೋಟವಲ್ಲ. ಇಲ್ಲಿ ಕಳೆದುಕೊಳ್ಳುವವನೊಬ್ಬ, ಪಡೆಯುವವನು ಮತ್ತೊಬ್ಬ, ಮತ್ತು ಪಡೆದವನ ನಲಿವು ಕಳೆದುಕೊಂಡವನ ಎದೆಗೆ ಇಳಿಯುವುದಿಲ್ಲ. ಉಪಯುಕ್ತತಾವಾದವು ವ್ಯಕ್ತಿಗಳು ಬೇರೆ ಬೇರೆ ಎಂಬುದನ್ನೇ ಗಂಭೀರವಾಗಿ ಪರಿಗಣಿಸುವುದಿಲ್ಲ ಎಂದು ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ಆಕ್ಷೇಪಿಸಿದ್ದು ಈ ಕಾರಣಕ್ಕೆ.

ಇಂಥ ಕಡೆ ಹಲವರು ಜರ್ಮನಿಯ ಇಮ್ಯಾನ್ಯುಯೆಲ್ ಕಾಂಟ್‌ನನ್ನು ಕರೆತರುತ್ತಾರೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದು, ಅವನನ್ನು ಸ್ವತಃ ಗುರಿಯೆಂದೂ ಕಾಣಬೇಕು ಎಂಬುದು 1785ರ ಕೃತಿಯಲ್ಲಿ ಅವನು ಹೇಳಿದ ಮಾತು. ‘ಕೇವಲ’ ಎಂಬ ಪದವನ್ನು ಬಿಟ್ಟು ಓದಿದರೆ ಅರ್ಥ ಕೆಡುತ್ತದೆ. ಬಸ್ಸಿನ ಚಾಲಕನೂ ನಮಗೆ ಸಾಧನವೇ, ಆದರೆ ಅವನು ಒಪ್ಪಿ, ಸಂಬಳ ಪಡೆದು ಆ ಕೆಲಸ ಮಾಡುತ್ತಿದ್ದಾನೆ. ಮುಳುಗಡೆಗೆ ಈ ತತ್ತ್ವವನ್ನು ಹಾಗೆಯೇ ಅನ್ವಯಿಸುವುದರಲ್ಲಿ ಒಂದು ಸೂಕ್ಷ್ಮ ತೊಡಕಿದೆ. ಯೋಜನೆಗೆ ಬೇಕಾಗಿದ್ದುದು ಕಣಿವೆಯೇ ಹೊರತು ಅಲ್ಲಿನ ಜನರಲ್ಲ. ಅಲ್ಲಿ ಒಬ್ಬರೂ ಇಲ್ಲದಿದ್ದರೂ ವಿದ್ಯುತ್ ಅಷ್ಟೇ ಬರುತ್ತಿತ್ತು. ಅಂದರೆ ಅವರಿಗಾದ ಕೇಡು ಗುರಿ ಮುಟ್ಟುವ ದಾರಿಯಾಗಿರಲಿಲ್ಲ, ಗೊತ್ತಿದ್ದೂ ಒಪ್ಪಿಕೊಂಡ ಅಡ್ಡಪರಿಣಾಮವಾಗಿತ್ತು. ಈ ಎರಡರ ನಡುವೆ ನೀತಿಶಾಸ್ತ್ರ ವ್ಯತ್ಯಾಸ ಮಾಡುತ್ತದೆ ಎಂಬುದು ನಿಜವಾದರೂ, ಬಳಸಲೂ ಬೇಡವಾದವರು ಎನ್ನಿಸಿಕೊಳ್ಳುವುದು ಬಳಕೆಯಾದದ್ದಕ್ಕಿಂತ ಗೌರವದ ಸ್ಥಿತಿ ಎಂದು ನನಗೆ ಅನ್ನಿಸುವುದಿಲ್ಲ.

ಆದ್ದರಿಂದ ಒಪ್ಪಿಗೆಯ ವಿಷಯಕ್ಕೇ ಬರೋಣ. ಇಲ್ಲಿ ನಮ್ಮ ಭಾಷೆಯೇ ಒಂದು ಸುಳಿವು ಕೊಡುತ್ತದೆ. ಮುಳುಗಡೆಯವರನ್ನು ಸಭೆಗಳಲ್ಲಿ ‘ನಾಡಿಗಾಗಿ ತ್ಯಾಗ ಮಾಡಿದವರು’ ಎಂದು ಹೊಗಳುವುದನ್ನು ನೀವು ಕೇಳಿರುತ್ತೀರಿ. ತ್ಯಾಗ ‘ಮಾಡಬೇಕು’; ಮಾಡುವವನಿಲ್ಲದೆ ಆ ಕ್ರಿಯೆ ಇಲ್ಲ. ಹುಲಿಗೆ ಕೊಟ್ಟ ಮಾತಿನಂತೆ ಮರಳಿ ಬಂದ ಪುಣ್ಯಕೋಟಿ ಬಾರದೆಯೂ ಇರಬಹುದಿತ್ತು, ಅದಕ್ಕೇ ಅದು ದೊಡ್ಡದು. ನೋಟಿಸು ಬಂದ ಮೇಲೆ, ನೀರು ಅಂಗಳಕ್ಕೆ ಏರುವ ಮುನ್ನ, ಬಾಗಿಲು ಕಿಟಕಿಗಳನ್ನು ಕಿತ್ತು ಲಾರಿಗೆ ಹೇರಿದವನು ಏನನ್ನೂ ತ್ಯಾಗ ಮಾಡಲಿಲ್ಲ, ಕಳೆದುಕೊಂಡ. ಮಹಾಭಾರತದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಶ್ಲೋಕವನ್ನೂ ಇಂಥ ಸಂದರ್ಭದಲ್ಲಿ ಉದಾಹರಿಸುವುದುಂಟು: ಕುಲಕ್ಕಾಗಿ ಒಬ್ಬನನ್ನು, ಗ್ರಾಮಕ್ಕಾಗಿ ಕುಲವನ್ನು, ಜನಪದಕ್ಕಾಗಿ ಗ್ರಾಮವನ್ನು ಬಿಡಬೇಕು. ಉದಾಹರಿಸುವವರು ನಾಲ್ಕನೆಯ ಪಾದವನ್ನು ನುಂಗಿಬಿಡುತ್ತಾರೆ. ಆತ್ಮಕ್ಕಾಗಿ ಭೂಮಿಯನ್ನೇ ಬಿಡಬೇಕು ಎಂದು ಅದು ಮುಗಿಯುತ್ತದೆ. ಅಲ್ಲದೆ ವಿದುರ ಬಿಡು ಎಂದದ್ದು ಆ ರಾಜನ ಸ್ವಂತ ಮಗ ದುರ್ಯೋಧನನನ್ನು, ಪರರ ಮಕ್ಕಳನ್ನಲ್ಲ.

ಎಲ್ಲರ ಒಪ್ಪಿಗೆ ಸಿಗುವವರೆಗೆ ಕಾಯುತ್ತ ಕುಳಿತರೆ ಒಂದು ರಸ್ತೆಯೂ ಆಗುವುದಿಲ್ಲ ಎಂಬ ಪ್ರತಿವಾದ ಗಟ್ಟಿಯಾದದ್ದೇ. ಆದರೆ ಕೇಳದೇ ಇರುವುದಕ್ಕೂ, ಕೇಳಿ, ವಾದಿಸಿ, ಕೊನೆಗೆ ಬಹುಮತದಂತೆ ನಡೆಯುವುದಕ್ಕೂ ಅಂತರವಿದೆ. ಲಿಂಗನಮಕ್ಕಿಯ ಕಾಲದಲ್ಲಿ ಭೂಸ್ವಾಧೀನವೆಂದರೆ 1894ರ, ಬ್ರಿಟಿಷರ ಕಾಲದ ಕಾನೂನಿನ ದಾರಿ; ‘ಸಾರ್ವಜನಿಕ ಉದ್ದೇಶ’ ಎಂದು ಸರ್ಕಾರ ಘೋಷಿಸಿದರೆ ದರದ ಚರ್ಚೆಯಷ್ಟೇ ಹೆಚ್ಚುಕಡಿಮೆ ಉಳಿಯುತ್ತಿತ್ತು. 2013ರ ಕಾನೂನು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ತಂದಿತು. ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯುವಾಗ ಬಾಧಿತ ಕುಟುಂಬಗಳಲ್ಲಿ ಶೇ 80ರಷ್ಟು, ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ಶೇ 70ರಷ್ಟು ಒಪ್ಪಿಗೆ ಬೇಕೆಂದಿತು. ಸರ್ಕಾರದ ಸ್ವಂತ ಯೋಜನೆಗಳಿಗೆ ಈ ಒಪ್ಪಿಗೆಯ ನಿಯಮವಿಲ್ಲ. ಅಣೆಕಟ್ಟುಗಳು ಬಹುಮಟ್ಟಿಗೆ ಸರ್ಕಾರದ್ದೇ ಆಗಿರುವುದರಿಂದ ಮಲೆನಾಡಿನ ಮಟ್ಟಿಗೆ ಇದು ಸಣ್ಣ ವಿನಾಯಿತಿಯಲ್ಲ.

ಇನ್ನು ನಾನು ಮೊದಲು ಹೇಳಿದ ಭಾವನೆಗೆ ಮರಳುತ್ತೇನೆ. 1965ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್, ಎರಡು ಕರ್ತವ್ಯಗಳು ಎದುರಾದಾಗ ಸರಿಯಾದುದನ್ನೇ ಆರಿಸಿಕೊಂಡರೂ ಬಿಟ್ಟ ಕರ್ತವ್ಯ ಇಲ್ಲವಾಗುವುದಿಲ್ಲ, ಅದರ ಶೇಷ ನಮ್ಮ ಮೇಲೆ ಉಳಿಯುತ್ತದೆ ಎಂದು ವಾದಿಸಿದ. ಕನ್ನಡದಲ್ಲಿ ಇದಕ್ಕೆ ಹೊಸ ಪರಿಭಾಷೆ ಬೇಕಿಲ್ಲ, ‘ಋಣ’ ಎಂದರೆ ಸಾಕು. ಮಗುವಿನ ಚಿಕಿತ್ಸೆಗೆ ಸಾಲ ತಂದದ್ದು ತಪ್ಪಲ್ಲ. ತಪ್ಪಲ್ಲ ಎಂಬ ಕಾರಣಕ್ಕೆ ಸಾಲ ತೀರುವುದೂ ಇಲ್ಲ. ಲಿಂಗನಮಕ್ಕಿಯನ್ನು ಕಟ್ಟಿದ್ದು ಅಂದಿನ ಸ್ಥಿತಿಯಲ್ಲಿ ಸಮರ್ಥನೀಯವೆಂದೇ ಇಟ್ಟುಕೊಳ್ಳಿ, ಆಗ ಕೇಳಬೇಕಾದದ್ದು ಈ ಬಾಕಿಯ ಬಗ್ಗೆ. ನಾಡಿಗೆ ಬೆಳಕು ಕೊಟ್ಟ ಅದೇ ಜಲಾಶಯದಿಂದ ದ್ವೀಪದಂತಾದ ತುಮರಿ ಸುತ್ತಿನ ಜನ ಸಾಗರ ಪೇಟೆಗೆ ಬರಲು ಲಾಂಚ್‌ಗೆ ಕಾದದ್ದು ಆರು ದಶಕ. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಎಬ್ಬಿಸಿದಾಗ ಕಾಡಂಚಿನಲ್ಲಿ ತೋರಿಸಿದ ಜಾಗದಲ್ಲಿ ಮೂರನೆಯ ತಲೆಮಾರು ಉಳುತ್ತಿದ್ದರೂ ಹಕ್ಕುಪತ್ರ ಕೈಗೆ ಬಾರದ ಕುಟುಂಬಗಳು ಇನ್ನೂ ಇವೆ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಅಣೆಕಟ್ಟಿನಿಂದ ಒಳಿತಾಯಿತು ಎಂದು ನೀವು ಒಪ್ಪಿದರೆ ನಿಮ್ಮ ಅಜ್ಜನ ದೂರನ್ನು ಬಿಟ್ಟುಕೊಟ್ಟಂತಾಗುವುದಿಲ್ಲ, ಅವರಿಗೆ ಅನ್ಯಾಯವಾಯಿತು ಎಂದರೆ ಅಣೆಕಟ್ಟು ಒಡೆಯಿರಿ ಎಂದಂತೆಯೂ ಆಗುವುದಿಲ್ಲ. ಇದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಹರಿಸಿ ವಿದ್ಯುತ್ ಪಡೆಯುವ) ಯೋಜನೆಯ ಪ್ರಸ್ತಾಪವಿದೆ. ಅದರ ಪರ ಮತ್ತು ವಿರುದ್ಧದ ಅಂಕಿಅಂಶಗಳನ್ನು ಓದುವಾಗ, ಎಷ್ಟು ಜನರಿಗೆ ಲಾಭ ಎಂಬ ಸಾಲಿನ ಪಕ್ಕದಲ್ಲೇ, 1948ರ ಹಿರೇಭಾಸ್ಕರ ಅಣೆಕಟ್ಟಿನಿಂದ ಇಲ್ಲಿಯವರೆಗೆ ಭಾರವನ್ನು ಯಾವ ಕಣಿವೆಯ ಮೇಲೆ ಎಷ್ಟು ಸಲ ಹೊರಿಸಲಾಗಿದೆ ಎಂಬ ಸಾಲನ್ನೂ ಬರೆದುಕೊಳ್ಳಿ. ಆ ಹಿರೇಭಾಸ್ಕರವೂ ಲಿಂಗನಮಕ್ಕಿಯಲ್ಲೇ ಮುಳುಗಿದೆ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಬಳಿ ಅದು ಮೇಲೆದ್ದು ಕಾಣುತ್ತದೆ.