ಮೂರು ಪ್ರತಿ ಆರಾದ ಕಥೆ: ಪುಸ್ತಕದ ಪಟ್ಟಿಗೊಂದು ಡೇಟಾಬೇಸ್

ಹಾಸನದ ಸಾಲಗಾಮೆ ರಸ್ತೆ ಕಡೆ, ನಮ್ಮ ಬೀದಿಯವರೇ ಸೇರಿ ನಡೆಸುವ ಪುಟ್ಟ ಓದುವ ಕೋಣೆ ಒಂದಿದೆ. ಅಲ್ಲಿನ ಪುಸ್ತಕಗಳ ಲೆಕ್ಕ ಇಷ್ಟು ದಿನ ಮೇಷ್ಟ್ರ ಕೈಬರಹದ ಅಕ್ಸೆಷನ್ ರಿಜಿಸ್ಟರಿನಲ್ಲಿತ್ತು, ಅಂದರೆ ಬಂದ ಒಂದೊಂದು ಪುಸ್ತಕಕ್ಕೂ ಒಂದು ನಂಬರ್ ಕೊಟ್ಟು ಬರೆದಿಡುವ ದಾಖಲೆಯಲ್ಲಿ. ಅದನ್ನು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ತಂತ್ರಾಂಶಕ್ಕೆ ಹಾಕುವ ಕೆಲಸ ನನಗೆ ಬಂತು. ಪರೀಕ್ಷೆಗೂ ಇದೇ ಪಾಠ ಇದೆ, ಅದಕ್ಕೇ ಒಪ್ಪಿಕೊಂಡೆ. ಪ್ರೈಮರಿ ಕೀ (ಒಂದು ಸಾಲನ್ನು ಗುರುತಿಸುವ ಕಾಲಂ), ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಕಾಲಂ) ಬಗ್ಗೆ ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ನಾನು ಎರಡು ದಿನ ಒದ್ದಾಡಿದ್ದು ಬೇರೆ ಕಡೆ.

ಪುಸ್ತಕ ಅಂದರೆ ಯಾವುದು?

ಮೊದಲು ‘ಪುಸ್ತಕ’ ಅಂತ ಒಂದೇ ಟೇಬಲ್ ಮಾಡಿದ್ದೆ. ಅದು ಕೆಟ್ಟದ್ದು ‘ಹಾರ್ಟ್ ಲ್ಯಾಂಪ್’ ಬಂದಾಗ. ನಮ್ಮೂರಿನ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಪುಸ್ತಕ ಅದು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಮೇಲೆ ಬೀದಿಯಲ್ಲಿ ಎಲ್ಲರಿಗೂ ಅದೇ ಬೇಕು. ನಮ್ಮಲ್ಲಿ ಮೂರು ಪ್ರತಿ ಇವೆ. ಎರಡು ಇಲ್ಲಿಯ ಪೆಂಗ್ವಿನ್ ಮುದ್ರಣ. ಇನ್ನೊಂದು ಬ್ರಿಟನ್ನಿನ ಆಂಡ್ ಅದರ್ ಸ್ಟೋರೀಸ್‌ನದು, ಯಾರದೋ ಮಗಳು ಅಲ್ಲಿಂದ ತಂದದ್ದು.

ಈಗ ಹೇಳಿ, ಇದು ಒಂದು ಪುಸ್ತಕವೋ, ಎರಡೋ, ಮೂರೋ? ಓದುವವರಿಗೆ ಒಂದು. ಐಎಸ್‌ಬಿಎನ್ (ಒಂದೊಂದು ಮುದ್ರಣಕ್ಕೂ ಕೊಡುವ ಗುರುತಿನ ಸಂಖ್ಯೆ) ನೋಡಿದರೆ ಎರಡು. ಕಪಾಟು ಒರೆಸುವವರಿಗೆ ಮೂರು. ಮೂರೂ ಸರಿ. ಹಾಗಾಗಿ ಮೂರು ಟೇಬಲ್: ಕೃತಿ, ಆವೃತ್ತಿ, ಪ್ರತಿ. ಶೀರ್ಷಿಕೆ ಕೃತಿಗೆ, ಪ್ರಕಾಶಕರು ಮತ್ತು ವರ್ಷ ಆವೃತ್ತಿಗೆ, ಅಕ್ಸೆಷನ್ ನಂಬರ್ ಮತ್ತು ಕೊಂಡ ಬೆಲೆ ಪ್ರತಿಗೆ.

ಗ್ರಂಥಾಲಯದವರು ಇದನ್ನು ಇನ್ನೂ ನುಣ್ಣಗೆ ಅರೆದಿದ್ದಾರೆ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ 1998ರಲ್ಲಿ ಕೊಟ್ಟ ಮಾದರಿಯಲ್ಲಿ ನಾಲ್ಕು ಹಂತ ಇವೆ. ಅನುವಾದಕ್ಕೆ ಕೃತಿ ಮತ್ತು ಆವೃತ್ತಿಯ ನಡುವೆ ತನ್ನದೇ ಒಂದು ಹಂತ. ನಾನು ಅದನ್ನು ಬಿಟ್ಟೆ, ಅನುವಾದವನ್ನೂ ಬೇರೆ ಕೃತಿ ಅಂತಲೇ ಎಣಿಸಿದೆ. ‘ಮೂಲ ಕೃತಿ’ ಅಂತ ಒಂದು ಕಾಲಂ ಇಟ್ಟರೆ ಸಾಕು ಅಂದುಕೊಂಡಿದ್ದೆ, ಅದೂ ನಿಲ್ಲಲಿಲ್ಲ. ‘ಹಾರ್ಟ್ ಲ್ಯಾಂಪ್’ನಲ್ಲಿರುವುದು ಬೇರೆ ಬೇರೆ ಕಾಲದಲ್ಲಿ ಬರೆದ, ಆಯ್ದ 12 ಕಥೆ. ಅದಕ್ಕೆ ಮೂಲ ಅಂತ ಒಂದೇ ಪುಸ್ತಕ ತೋರಿಸುವುದು ಹೇಗೆ? ಕಾಲಂ ತೆಗೆದುಹಾಕಿದೆ.

ಐಎಸ್‌ಬಿಎನ್ ಬಗ್ಗೆ ಎರಡೇ ಮಾತು

ಪ್ರೈಮರಿ ಕೀ ಮಾಡಬೇಡಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದು ಇರುವುದೇ ಇಲ್ಲ. ನಂಬರ್ ಆಗಿಯೂ ಇಡಬೇಡಿ, ಟೆಕ್ಸ್ಟ್ ಆಗಿ ಇಡಿ. 2007ಕ್ಕೆ ಮುಂಚಿನ 10 ಅಂಕಿಯದರಲ್ಲಿ ಕೊನೆಗೆ ಎಕ್ಸ್ ಅಕ್ಷರ ಬರಬಹುದು, ಮೊದಲಿಗೆ ಸೊನ್ನೆಯೂ ಇರಬಹುದು. ನಂಬರ್ ಅಂತ ಓದಿಸಿದರೆ ಸೊನ್ನೆ ಮಾಯ.

ವ್ಯಕ್ತಿಗಳು

ಲೇಖಕ1, ಲೇಖಕ2 ಅಂತ ಕಾಲಂ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮೂರನೆಯವರು ಬಂದ ದಿನ ಕೈಕಟ್ಟುತ್ತದೆ. ಕೃತಿ ಮತ್ತು ವ್ಯಕ್ತಿ ನಡುವೆ ‘ಕೃತಿ_ವ್ಯಕ್ತಿ’ ಅಂತ ಒಂದು ಕೊಂಡಿ ಟೇಬಲ್ ಬೇಕು. ಅದರಲ್ಲಿ ಎರಡು ಫಾರಿನ್ ಕೀ, ಜೊತೆಗೆ ಪಾತ್ರ: ಲೇಖಕ, ಅನುವಾದಕ, ಸಂಪಾದಕ. ಇಂಟರ್‌ನ್ಯಾಷನಲ್ ಬೂಕರಿನ ಹಣವನ್ನೇ ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತಾರೆ. ನಮ್ಮ ಪಟ್ಟಿಯಲ್ಲಿ ಅನುವಾದಕರಿಗೆ ಒಂದು ಸಾಲಾದರೂ ಬೇಡವಾ? ಯಾರ ಹೆಸರು ಮೊದಲು ಅಂತ ತಿಳಿಯಲು ‘ಕ್ರಮ’ ಅಂತಲೂ ಒಂದು ಕಾಲಂ ಇಡಿ. ಸಾಲುಗಳಿಗೆ ತಮ್ಮದೇ ಕ್ರಮ ಇಲ್ಲ ಅನ್ನುವುದು 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕಾಡ್ ಈ ಟೇಬಲ್ ಮಾದರಿ ಮುಂದಿಟ್ಟಾಗಿನಿಂದಲೂ ಇರುವ ಮಾತು.

ಕಾವ್ಯನಾಮಕ್ಕೆ ಬೇರೆ ಟೇಬಲ್. ಕುವೆಂಪು ಅಂತ ಹುಡುಕಿದರೂ ಕೆ.ವಿ. ಪುಟ್ಟಪ್ಪ ಅಂತ ಹುಡುಕಿದರೂ ಒಬ್ಬರೇ ಸಿಗಬೇಕು. ಹಾಗೇ ತ್ರಿವೇಣಿ, ಅನಸೂಯಾ ಶಂಕರ್.

ಕನ್ನಡದಲ್ಲಿ ಇನ್ನೊಂದು ಕಾಟ ಇದೆ. ‘ಎಸ್‌ಎಲ್’ ಅಂತ ಟೈಪ್ ಮಾಡುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳಬಹುದು, ಒತ್ತಕ್ಷರ ಆಗದಂತೆ ತಡೆಯುತ್ತದಲ್ಲ, ಅದು. ಅದು ಇದ್ದರೂ ಇಲ್ಲದಿದ್ದರೂ ತೆರೆಯ ಮೇಲೆ ಒಂದೇ ಥರ. ಡೇಟಾಬೇಸಿಗೆ ಮಾತ್ರ ಇಬ್ಬರು ಬೇರೆ ಬೇರೆ ಭೈರಪ್ಪ. ಹೆಸರು ಸೇರಿಸುವ ಮುಂಚೆಯೇ ಇಂಥ ಕಡೆ ಅದನ್ನು ಕಿತ್ತುಹಾಕಿ.

ಇಲ್ಲೇ ನಾನು ಬಿದ್ದದ್ದು

ಒಂದೊಂದು ಕೃತಿಗೆ ಎಷ್ಟು ಪ್ರತಿ ಇವೆ ಅಂತ ಪಟ್ಟಿ ಬೇಕಿತ್ತು, ಪಕ್ಕದಲ್ಲಿ ಹೆಸರುಗಳೂ ಇರಲಿ ಅಂದುಕೊಂಡೆ. ಕಾವ್ಯನಾಮದ್ದು ಬಿಟ್ಟು ಉಳಿದ ಐದೂ ಟೇಬಲ್ ಜಾಯಿನ್ ಮಾಡಿ (ಹೊಂದುವ ಸಾಲುಗಳನ್ನು ಜೋಡಿಸಿ), ಕೃತಿಯ ಮೇಲೆ ಗ್ರೂಪ್ ಬೈ ಹಾಕಿ (ಕೃತಿಗೊಂದು ಗುಂಪು ಮಾಡಿ), ಕೌಂಟ್, ಅಂದರೆ ಎಣಿಕೆ, ಕೇಳಿದೆ. ಮೂರು ಪ್ರತಿಯ ‘ಹಾರ್ಟ್ ಲ್ಯಾಂಪ್’ಗೆ ಆರು ಅಂತ ಬಂತು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, “ನಿನ್ನ ಕಂಪ್ಯೂಟರಲ್ಲಿ ಪುಸ್ತಕ ಮರಿ ಹಾಕ್ತವೇನಮ್ಮ?” ಅಂದರು.

ಟೇಬಲ್‌ಗಳಲ್ಲಿ ತಪ್ಪು ಹುಡುಕುತ್ತಾ ಒಂದು ಸಂಜೆ ಹೋಯಿತು. ತಪ್ಪು ಅಲ್ಲಿರಲೇ ಇಲ್ಲ. ಕೊನೆಗೆ ಗ್ರೂಪ್ ಬೈ ತೆಗೆದು, ಜಾಯಿನ್ ಆದ ಸಾಲುಗಳನ್ನು ಹಾಗೇ ಬರೆಸಿ ನೋಡಿದೆ (ಹೆಸರು, ಅಕ್ಸೆಷನ್ ನಂಬರ್):

ಬಾನು, 412
ಬಾನು, 413
ಬಾನು, 588
ದೀಪಾ, 412
ದೀಪಾ, 413
ದೀಪಾ, 588

ನೋಡಿದ ತಕ್ಷಣ ಗೊತ್ತಾಯಿತು. ಇಬ್ಬರು ವ್ಯಕ್ತಿ, ಮೂರು ಪ್ರತಿ. ಯಾವ ವ್ಯಕ್ತಿಗೆ ಯಾವ ಪ್ರತಿ ಅಂತ ಸಂಬಂಧವೇ ಇಲ್ಲ. ಇಬ್ಬರಿಗೂ ಸಂಬಂಧ ಇರುವುದು ಕೃತಿಯ ಜೊತೆ ಮಾತ್ರ. ಹಾಗಾಗಿ ಒಬ್ಬೊಬ್ಬರ ಎದುರೂ ಮೂರೂ ಪ್ರತಿ ನಿಲ್ಲುತ್ತವೆ. 2 ಗುಣಿಸು 3, ಆರು. ಒಬ್ಬರೇ ಲೇಖಕರಿರುವ ಪುಸ್ತಕಗಳಲ್ಲಿ 1ರಿಂದ ಗುಣಿಸಿದಂತೆ, ಲೆಕ್ಕ ಸರಿಯಾಗೇ ಬರುತ್ತದೆ. ಅದಕ್ಕೇ ಅಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲ ಮದ್ದು ಡಿಸ್ಟಿಂಕ್ಟ್, ಅಂದರೆ ಮತ್ತೆ ಮತ್ತೆ ಬಂದದ್ದನ್ನು ಒಂದೇ ಸಲ ಲೆಕ್ಕಕ್ಕೆ ತೆಗೆದುಕೋ ಅನ್ನುವ ಮಾತು. ಅಕ್ಸೆಷನ್ ನಂಬರಿನ ಮೇಲೆ ಕೌಂಟ್ ಡಿಸ್ಟಿಂಕ್ಟ್ ಹಾಕಿದರೆ ಮೂರು ಬರುತ್ತದೆ. ಗೆದ್ದೆ ಅಂದುಕೊಂಡು ಒಟ್ಟು ಬೆಲೆಗೂ ಅದನ್ನೇ ಹಾಕಿದೆ. ಒಂದು ಪ್ರತಿಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ಸರಿಯಾದ ಮೊತ್ತ 1,200. ಸುಮ್ನೆ ಸಮ್ (ಕೂಡಿಸು) ಹಾಕಿದರೆ 2,400. ಸಮ್ ಡಿಸ್ಟಿಂಕ್ಟ್ ಹಾಕಿದರೆ 400! ಒಂದೇ ಬೆಲೆ ಮೂರು ಸಲ ಇದ್ದರೆ ಒಂದನ್ನಷ್ಟೇ ಉಳಿಸಿಕೊಳ್ಳುತ್ತದೆ. ಮೊದಲ ತಪ್ಪಿಗಿಂತ ಇದು ಮೋಸ, ಯಾಕೆಂದರೆ ಡಿಸ್ಟಿಂಕ್ಟ್ ಹಾಕಿದ್ದೇವಲ್ಲ ಅಂತ ನಂಬಿಬಿಡುತ್ತೇವೆ.

ಸರಿಯಾದ ದಾರಿ: ಮೊದಲು ಎಣಿಸಿ, ಆಮೇಲೆ ಜೋಡಿಸಿ. ಆವೃತ್ತಿ ಮತ್ತು ಪ್ರತಿ ಮಾತ್ರ ಜಾಯಿನ್ ಮಾಡಿ ಕೃತಿಗೊಂದು ಸಾಲು ಬರುವಂತೆ ಕೌಂಟ್, ಸಮ್ ಮಾಡಿಕೊಳ್ಳಿ. ಇನ್ನೊಂದು ಕಡೆ ಹೆಸರುಗಳನ್ನೂ ಕೃತಿಗೊಂದು ಸಾಲಾಗಿ ಒಟ್ಟುಮಾಡಿ. ಈಗ ಎರಡನ್ನೂ ಕೃತಿಗೆ ಜೋಡಿಸಿದರೆ 1 ಗುಣಿಸು 1. ಈ ಕೊನೆಯ ಜೋಡಣೆ ಲೆಫ್ಟ್ ಜಾಯಿನ್ ಆಗಿರಲಿ. ಇಲ್ಲದಿದ್ದರೆ ಲೇಖಕರ ಹೆಸರೇ ಇಲ್ಲದ ಪಂಚಾಂಗ, ಭಜನೆ ಪುಸ್ತಕ ಎಲ್ಲ ಪಟ್ಟಿಯಿಂದ ಉದುರಿಹೋಗುತ್ತವೆ.

ಈಗ ಯಾವುದೇ ಜಾಯಿನ್ ಬರೆಯುವ ಮುಂಚೆ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇನೆ: “ಇಲ್ಲಿ ಒಂದು ಸಾಲು ಅಂದರೆ ಏನು?” ‘ಒಂದು ಪ್ರತಿ’ ಅಂತ ಉತ್ತರ ಬಂದರೆ ಎಣಿಸಬಹುದು. ‘ಒಬ್ಬ ವ್ಯಕ್ತಿಯ ಎದುರು ಒಂದು ಪ್ರತಿ’ ಅಂತ ಬಂದರೆ ಕೈ ಹಿಂದಕ್ಕೆ.

ಉಳಿದದ್ದು

ಎಸ್‌ಕ್ಯೂಲೈಟಿನಲ್ಲಿ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಪ್ರತಿ ಸಲ ಕನೆಕ್ಟ್ ಆದಾಗ ಪ್ರಾಗ್ಮಾ ಅನ್ನುವ ಆಜ್ಞೆ ಕೊಟ್ಟು ಆನ್ ಮಾಡಬೇಕು. ಇದು ಗೊತ್ತಿಲ್ಲದೆ ನಾನು ಇಲ್ಲದ ಕೃತಿಗೆ ಹನ್ನೊಂದು ಪ್ರತಿ ಸೇರಿಸಿದ್ದೆ.

ಎರವಲು ಟೇಬಲ್ ಇನ್ನೂ ಬರೆದಿಲ್ಲ. ಅದರ ಫಾರಿನ್ ಕೀ ಪ್ರತಿಗೆ ಹೋಗಬೇಕು, ಕೃತಿಗಲ್ಲ. 588 ಮೂರು ವಾರದಿಂದ ಯಾರ ಮನೆಯಲ್ಲಿದೆ ಅಂತ ಸದ್ಯಕ್ಕೆ ಮೇಷ್ಟ್ರಿಗೆ ಮಾತ್ರ ಗೊತ್ತು.