ಫೋಟೋ ಬೇಡ, ಬ್ರಾಕೆಟ್ ತನ್ನಿ

ವಾರಕ್ಕೆ ಎರಡು ಸಲವಾದರೂ ಈ ಫೋನ್ ಬರುತ್ತದೆ. "ಸಾರ್, ಮೂರಡಿ ರ್ಯಾಕು, ಬಿಳೀದು. ಇನ್ನೂ ನಾಲ್ಕು ಸೆಟ್ ಬೇಕು. ಫೋಟೋ ವಾಟ್ಸಾಪ್ ಮಾಡಿದ್ದೀನಿ, ನೋಡಿ." ನೋಡುತ್ತೇನೆ. ಬಿಸ್ಕತ್ತು, ಶಾಂಪೂ, ಅಗರಬತ್ತಿ ಎಲ್ಲ ಚೆನ್ನಾಗಿ ಕಾಣುತ್ತವೆ. ಒಂದು ಮೂಲೆಯಲ್ಲಿ ಓನರ್ ಮಗನ ಬೆರಳೂ ಕಾಣುತ್ತದೆ. ರ್ಯಾಕ್ ಮಾತ್ರ ಕಾಣುವುದಿಲ್ಲ.

ಅಂಗಡಿಗಳಿಗೆ ರ್ಯಾಕ್ ಕೂರಿಸುವ ಕೆಲಸಕ್ಕೆ ಬಂದು ನನಗೆ ಇಪ್ಪತ್ತು ವರ್ಷ ದಾಟಿತು. ಹೊಸ ಅಂಗಡಿಗೆ ಪೂರ್ತಿ ಹೊಸ ರ್ಯಾಕ್ ಹಾಕುವುದರಲ್ಲಿ ತಲೆನೋವೇ ಇಲ್ಲ. ಇರುವ ರ್ಯಾಕಿಗೆ ಇನ್ನೆರಡು ಸೇರಿಸಿ ಎಂದಾಗಲೇ ಕಷ್ಟ ಶುರು. ಹೊರಗಿನವರ ಕಣ್ಣಿಗೆ ಎಲ್ಲ ರ್ಯಾಕೂ ಒಂದೇ ಜಾತಿ. ಎರಡು ಕಂಬ, ಐದು ಹಲಗೆ, ಬಿಳಿ ಪೌಡರ್ ಕೋಟಿಂಗ್. ಅಷ್ಟೇ ಅಲ್ವಾ? ಅಲ್ಲ.

ಮೊದಲು ಈ "ಮೂರಡಿ" ವಿಷಯ ಮುಗಿಸಿಬಿಡೋಣ. ನಮ್ಮ ದೇಶಕ್ಕೆ ಮೆಟ್ರಿಕ್ ಅಳತೆ ತಂದ ಕಾಯ್ದೆ 1956ರದ್ದು. ಇವತ್ತಿಗೂ ನಮ್ಮ ಬಾಯಲ್ಲಿ ಬರುವುದು ಅಡಿ, ಇಂಚು. ತಪ್ಪೇನಿಲ್ಲ, ನಾನೂ ಹಾಗೇ ಮಾತಾಡುತ್ತೇನೆ. ಆದರೆ ಕೆಲವು ಫ್ಯಾಕ್ಟರಿಗಳು ಮೂರಡಿ ಎಂದು ಮಾರುವುದು 900 ಮಿಲಿಮೀಟರ್ ಶೆಲ್ಫ್. ಇನ್ನು ಕೆಲವರದ್ದು ನಿಜವಾದ 36 ಇಂಚು, ಅಂದರೆ 914.4 ಮಿ.ಮೀ. ನಾಲ್ಕಡಿಯದ್ದೂ ಇದೇ ಕಥೆ: ಒಬ್ಬರದ್ದು 1200, ಇನ್ನೊಬ್ಬರದ್ದು 1219. 914ರ ಜಾಗಕ್ಕೆ 900ರ ಶೆಲ್ಫ್ ಹಾಕಿದರೆ ಕೂರುತ್ತದೆ, ಕೂತ ಹಾಗೆ ಕಾಣುತ್ತದೆ. ಒಂದು ತುದಿ ಬ್ರಾಕೆಟ್ (ಕಂಬಕ್ಕೆ ಸಿಕ್ಕಿಸಿ ಶೆಲ್ಫ್ ಹೊರಿಸುವ ಕೈ) ಅಂಚಿನ ಮೇಲೆ ಬರೀ ಉಗುರಿನಷ್ಟು ನಿಂತಿರುತ್ತದೆ. ಯಾರೋ ಗಿರಾಕಿ ಪಕ್ಕಕ್ಕೆ ಸ್ವಲ್ಪ ತಳ್ಳಿದರೆ ಮುಗೀತು.

ಹಾಗಾಗಿ ಶೆಲ್ಫ್ ಅಳೆಯಬೇಡಿ. ಈ ಕಂಬದ ತೂತಿನ ಮಧ್ಯದಿಂದ ಆ ಕಂಬದ ತೂತಿನ ಮಧ್ಯಕ್ಕೆ ಅಳೆಯಿರಿ. ಇದನ್ನು ಬಹಳ ಜನ ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳುತ್ತಾರೆ. ಅರ್ಥವಾಗದ್ದು ಮುಂದಿನದು. ಅದಕ್ಕೇ ಇವತ್ತು ಬರೆಯಲು ಕೂತಿದ್ದು.

ಕಂಬದಲ್ಲಿ ಮೇಲಿಂದ ಕೆಳಗಿನವರೆಗೆ ಸಾಲಾಗಿ ಉದ್ದುದ್ದ ತೂತುಗಳಿರುತ್ತವೆ. ಬ್ರಾಕೆಟ್ಟಿನ ಹಲ್ಲುಗಳು ಕೂರುವುದು ಅದರಲ್ಲೇ. ಒಂದು ತೂತಿನಿಂದ ಮುಂದಿನ ತೂತಿಗೆ ಇರುವ ದೂರಕ್ಕೆ ನಾವು ಪಿಚ್ ಅನ್ನುತ್ತೇವೆ. ಕೆಲವರ ಪಿಚ್ 25 ಮಿ.ಮೀ., ಕೆಲವರದ್ದು ಒಂದಿಂಚು, ಅಂದರೆ 25.4. ಐವತ್ತರದ್ದೂ ಇದೆ, ಬೇರೆ ಅಳತೆಯವೂ ಇವೆ. 25 ಮತ್ತು 25.4ರ ಮಧ್ಯೆ ಇರುವುದು ಅರ್ಧ ಮಿಲಿಮೀಟರಿಗೂ ಕಮ್ಮಿ. "ಅಷ್ಟಕ್ಕೆಲ್ಲ ಏನಾಗುತ್ತೆ ಬಿಡಿ ಸಾರ್" ಎಂದು ಎಲ್ಲರೂ ಹೇಳುವುದು ಇಲ್ಲೇ.

ಏನಾಗುತ್ತದೆ ಹೇಳುತ್ತೇನೆ. ಸಾಲು ಮುಂದುವರಿಸುವಾಗ ಹಳೆಯ ಸಾಲಿನ ಕೊನೆಯ ಕಂಬವನ್ನೇ ಹೊಸ ರ್ಯಾಕೂ ಹಂಚಿಕೊಳ್ಳುತ್ತದೆ. ಅಂದರೆ ಹೊಸ ಶೆಲ್ಫಿನ ಎಡ ತುದಿ ಹಳೇ ಕಂಬದ ಮೇಲೆ, ಬಲ ತುದಿ ಹೊಸ ಕಂಬದ ಮೇಲೆ. ಎಡಕ್ಕೆ ಒಂದಿಂಚಿನ ಪಿಚ್, ಬಲಕ್ಕೆ 25 ಎಂದಿಟ್ಟುಕೊಳ್ಳಿ. ಕೆಳಗಿನ ಐದನೇ ತೂತಿನಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ. ಯಾರಿಗೂ ಕಾಣುವುದಿಲ್ಲ. ಹುಡುಗರು ಕೆಳಗಿನಿಂದಲೇ ಕೂರಿಸುತ್ತಾ ಬರುತ್ತಾರೆ, "ಮ್ಯಾಚ್ ಆಯ್ತು ಸಾರ್" ಎಂದು ಕೂಗುತ್ತಾರೆ, ಓನರ್ ಟೀ ತರಿಸುತ್ತಾರೆ. ಐವತ್ತನೇ ತೂತಿಗೆ ಬಂದಾಗ ವ್ಯತ್ಯಾಸ 20 ಮಿ.ಮೀ. ಗಿರಾಕಿಯ ಎದೆಯ ಮಟ್ಟಕ್ಕೆ, ನಿಮ್ಮ ಒಳ್ಳೆ ಮಾರ್ಜಿನ್ ಇರುವ ಐಟಂ ಇಡುವ ಜಾಗದಲ್ಲೇ, ಶೆಲ್ಫ್ ಒಂದು ಕಡೆ ವಾಲಿ ನಿಲ್ಲುತ್ತದೆ.

ಆಗ ಜಾಣ ಹುಡುಗ ಒಂದು ಉಪಾಯ ಮಾಡುತ್ತಾನೆ. ಹೊಸ ಕಂಬದಲ್ಲಿ ಒಂದು ತೂತು ಮೇಲಕ್ಕೆ ಹಾಕುತ್ತಾನೆ. ಐವತ್ತನೆಯದಕ್ಕೆ ಇದು ನಡೆಯುತ್ತದೆ, 20 ಹೋಗಿ 5 ಆಗುತ್ತದೆ. ಅರವತ್ತರ ಹತ್ತಿರ ಹೋದರೆ ಹೆಚ್ಚುಕಮ್ಮಿ ಸರಿಯೇ ಆಗಿಬಿಡುತ್ತದೆ. ಆದರೆ 31ನೇ ತೂತಿನಲ್ಲಿ ಹಾಕಿ ನೋಡಿ. ಹೇಗಿದೆಯೋ ಹಾಗೇ ಬಿಟ್ಟರೆ 12.4 ಮಿ.ಮೀ. ಇಳಿತ, ಒಂದು ತೂತು ಏರಿಸಿದರೆ 12.6 ಮಿ.ಮೀ. ಏರು. ಎರಡರಲ್ಲೂ ಸೋಲು. ಆಮೇಲೆ ಶೆಲ್ಫ್ ಕೆಳಗೆ ರಟ್ಟು ಮಡಚಿ ಇಡುವ ಕಾರ್ಯಕ್ರಮ.

ಇನ್ನೊಂದು ತೊಂದರೆ ಹಲ್ಲಿನದು. ಮೂರು ಹಲ್ಲಿನ ಬ್ರಾಕೆಟ್ಟಿನಲ್ಲಿ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ನಾಲ್ಕು ಪಿಚ್ ದೂರ ಇದ್ದರೆ 1.6 ಮಿ.ಮೀ. ತಪ್ಪುತ್ತದೆ. ಎರಡು ಹಲ್ಲು ಒಳಗೆ ಹೋಗುತ್ತವೆ, ಮೂರನೆಯದು ಮೊಂಡು ಹಿಡಿಯುತ್ತದೆ. ಆಗ ಸುತ್ತಿಗೆ ಬರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಯಾವ ಬ್ರಾಕೆಟ್ಟೂ ಯಾವ ಕಂಬಕ್ಕೂ ಹೋಗುತ್ತದೆ, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಬಣ್ಣ ಕೆತ್ತಿ ಹೋಗುತ್ತದೆ, ತೂತಿನ ಅಂಚು ಬಾಗುತ್ತದೆ, ಮೂರು ಹಲ್ಲು ಹಂಚಿಕೊಳ್ಳಬೇಕಾದ ಭಾರ ಒಂದರ ಮೇಲೋ ಎರಡರ ಮೇಲೋ ಬೀಳುತ್ತದೆ. ಬ್ರಾಕೆಟ್ ಕೈಯಲ್ಲೇ ಒಳಗೆ ಹೋಗಿ, ಕೆಳಕ್ಕೆ ಜಾರಿ, ಟಕ್ ಎಂದು ಕೂರಬೇಕು. ಕಂಬಕ್ಕೂ ಬ್ರಾಕೆಟ್ಟಿಗೂ ನಡುವೆ ಬೆಳಕು ಕಾಣಬಾರದು. ಸುತ್ತಿಗೆ ಬೇಕಾಯಿತು ಎಂದರೆ ಅದು ನಿಮ್ಮ ಪಾರ್ಟ್ ಅಲ್ಲ.

ಪಿಚ್ ಅಳೆಯುವುದೂ ಸುಲಭ. ಆದರೆ ಎರಡು ತೂತಿನ ನಡುವೆ ಟೇಪ್ ಹಿಡಿಯಬೇಡಿ. ನಿಮ್ಮ ಟೇಪಿಗೂ ಕಣ್ಣಿಗೂ 0.4 ಮಿ.ಮೀ. ಸಿಗುವುದಿಲ್ಲ, ನನ್ನ ಕಣ್ಣಿಗೂ ಸಿಗುವುದಿಲ್ಲ. ಒಂದು ತೂತಿನ ಮೇಲಂಚು ಹಿಡಿಯಿರಿ. ಅದನ್ನು ಬಿಟ್ಟು ಮುಂದೆ 40 ತೂತು ಎಣಿಸಿ. ನಲವತ್ತನೆಯದರ ಮೇಲಂಚಿಗೆ ಎಷ್ಟಿದೆ ನೋಡಿ. 1000 ಬಂದರೆ 25ರ ಪಿಚ್. 1016 ಬಂದರೆ ಇಂಚಿನದು. ಬೇರೆ ಏನೋ ಬಂದರೆ ಒಂದೋ ಎಣಿಕೆ ತಪ್ಪಿದೆ, ಇಲ್ಲವೇ ರ್ಯಾಕ್ ಬೇರೆಯದು. ಮೊದಲನೆಯದೇ ಜಾಸ್ತಿ.

ಪಿಚ್ ಒಂದೇ ಆದ ಮಾತ್ರಕ್ಕೆ ಕೂರುತ್ತದೆ ಎಂದೂ ನಾನು ಹೇಳುವುದಿಲ್ಲ. ತೂತಿನ ಅಗಲ, ಹಲ್ಲಿನ ದಪ್ಪ, ಹಲ್ಲಿನ ಕೊಕ್ಕೆ ಎಷ್ಟು ಆಳ, ಇದೆಲ್ಲ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಸಲ ಒಂದೇ ಫ್ಯಾಕ್ಟರಿಯ ಹಳೇ ಡೈ (ತಗಡು ಒತ್ತುವ ಅಚ್ಚು), ಹೊಸ ಡೈ ನಡುವೆಯೂ ವ್ಯತ್ಯಾಸ ನೋಡಿದ್ದೇನೆ. ಅದಕ್ಕೇ ಹೇಳುವುದು, ಫೋಟೋ ಬೇಡ. ಒಂದು ಬ್ರಾಕೆಟ್ ಬಿಚ್ಚಿ ತನ್ನಿ. ಸಾಧ್ಯವಾದರೆ ಒಂದು ಶೆಲ್ಫೂ ತನ್ನಿ. ಆರ್ಡರ್ ಕೊಡುವ ಮುಂಚೆ ನಮ್ಮ ಕಂಬಕ್ಕೆ ನಿಮ್ಮ ಬ್ರಾಕೆಟ್ ನೀವೇ ಹಾಕಿ ನೋಡಿ.

ಭಾರದ ವಿಷಯದಲ್ಲಿ ನಾನು ಫೋನಿನಲ್ಲಿ ಯಾವ ಅಂಕಿಯನ್ನೂ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ತಗಡಿನ ಗೇಜ್ ಗೊತ್ತಿಲ್ಲದೆ ಹೇಳುವ ಮಾತಲ್ಲ ಅದು. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು, ಇದು ತಲೆಯಲ್ಲಿರಲಿ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 22 ಅಂದರೆ ಸುಮಾರು 0.7. ಅಗ್ಗಕ್ಕೆ ಸಿಕ್ಕಿತೆಂದು 22ರ ಶೆಲ್ಫ್ ತಂದು 18ರ ಸಾಲಿಗೆ ಸೇರಿಸಿದ್ದನ್ನು ನೋಡಿದ್ದೇನೆ. ಬಣ್ಣ ಒಂದೇ, ಯಾವುದು ಯಾವುದೆಂದು ಕೆಲಸದ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಅವನು ಅದರ ಮೇಲೆ ಅಕ್ಕಿ ಮೂಟೆ ಇಟ್ಟ. 2022ರಲ್ಲಿ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ ಎಷ್ಟೋ ಮೂಟೆಗಳು 26 ಕೆಜಿ ಆದವು. ನಾಲ್ಕು ಇಟ್ಟರೆ ನೂರು ಕೆಜಿ ದಾಟಿತು. ಶೆಲ್ಫ್ ಬೀಳಲಿಲ್ಲ, ತೊಟ್ಟಿಲಿನ ಹಾಗೆ ಬಗ್ಗಿತು. ಅಕ್ಕಿ ಮೂಟೆಯ ಜಾಗ ನೆಲದ ಮಟ್ಟದ ಬೇಸ್, ಮೇಲಿನ ಶೆಲ್ಫ್ ಅಲ್ಲ.

ಹಾಗೇ 300ರ ಶೆಲ್ಫ್ ತೆಗೆದು ಅದೇ ಕಂಬಕ್ಕೆ 450 ಆಳದ್ದು ಹಾಕುವವರೂ ಇದ್ದಾರೆ. ಸಾಮಾನು ಅಷ್ಟೇ ಇದ್ದರೂ ಭಾರ ಕಂಬದಿಂದ ದೂರ ಹೋಗುತ್ತದೆ. ಹಲ್ಲಿನ ಮೇಲಿನ ಎಳೆತ ಒಂದೂವರೆ ಪಟ್ಟು. ಕೆಳಗಿನ ಕಾಲು ಮಾತ್ರ ಅದೇ ಹಳೇ ಗಿಡ್ಡ ಕಾಲು. ಗೋಡೆಗೆ ಕಟ್ಟದೆ ಬಿಟ್ಟರೆ ನಾನು ಆ ಅಂಗಡಿಯಲ್ಲಿ ಸೋಪು ಕೊಳ್ಳಲೂ ಹೋಗುವುದಿಲ್ಲ.

ಬಣ್ಣದ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ, ನಾನು ಅಷ್ಟೇನೂ ಇಲ್ಲ. ಬಿಳಿಯಲ್ಲೇ ರಾಲ್ (ಬಣ್ಣಗಳಿಗೆ ನಂಬರ್ ಕೊಡುವ ಪಟ್ಟಿ) 9003, 9010, 9016 ಎಂದು ಬೇರೆ ಬೇರೆ ನಂಬರುಗಳಿವೆ. ನಂಬರ್ ಸರಿಯಾಗಿ ಹೇಳಿದರೂ ಎಂಟು ವರ್ಷದ ಬಿಳಿ ಇವತ್ತಿನ ಬಿಳಿಗೆ ಸೇರುವುದಿಲ್ಲ. ಹೊಸದನ್ನು ಹಳೆಯದರ ಪಕ್ಕ ಇಟ್ಟರೆ ಹಳೆಯದು ಹಲ್ಲುಜ್ಜದ ಹಾಗೆ ಕಾಣುತ್ತದೆ. ಹೊಸದೆಲ್ಲ ಬಾಗಿಲ ಹತ್ತಿರ ಹಾಕಿ, ಹಳೆಯದನ್ನು ಹಿಂದಿನ ಸಾಲಿಗೆ ತಳ್ಳಿ. ಕಂಬಗಳು ಸೇರದಿದ್ದರೂ ಇದೇ ದಾರಿ. ಹೊಸ ಸಾಲನ್ನು ಅದರದ್ದೇ ಎರಡು ಕಂಬದ ಮೇಲೆ ಬೇರೆಯಾಗಿ ನಿಲ್ಲಿಸಿ. ಒಂದು ಕಂಬದ ಖರ್ಚು ಜಾಸ್ತಿ, ನಿದ್ದೆಯೂ ಜಾಸ್ತಿ.

ಗೋಡೌನಿನ ಆಂಗಲ್ ರ್ಯಾಕ್ ಇರುವವರಿಗೆ ಒಂದೇ ಮಾತು. ಹಳೆಯದರಲ್ಲಿ 5/16 ಇಂಚಿನ ಬೋಲ್ಟ್ ಇರಬಹುದು, ಈಗ ತರುವುದು ಎಂ8, ಅಂದರೆ 8 ಮಿ.ಮೀ.ನದ್ದು ಇರಬಹುದು. ದಪ್ಪ ನೋಡಲು ಒಂದೇ, ತ್ರೆಡ್ ಬೇರೆ. ನಟ್ ಎರಡು ಸುತ್ತು ತಿರುಗಿ ನಿಲ್ಲುತ್ತದೆ. ಸ್ಪ್ಯಾನರ್‌ಗೆ ಪೈಪ್ ಹಾಕಿ ತಿರುಗಿಸಬೇಡಿ.

ತಿಪಟೂರಿನ ಕಡೆಯಿಂದ ಒಬ್ಬ ಅಜ್ಜ ಬಂದಿದ್ದರು. ಸಣ್ಣ ಕಿರಾಣಿ ಅಂಗಡಿ. ಮಗ ಫೋಟೋ ಕಳಿಸಿದ್ದ, ನಾನು ಎಂದಿನಂತೆ ರೇಗಿದ್ದೆ. ಮೂರು ದಿನ ಬಿಟ್ಟು ಅಪ್ಪನೇ ಬೆಳಗಿನ ಬಸ್ಸು ಹತ್ತಿ ಬಂದುಬಿಟ್ಟರು. ಟವೆಲ್ಲಿನಲ್ಲಿ ಸುತ್ತಿದ ಬ್ರಾಕೆಟ್. ಜೊತೆಗೆ ಸುರುಳಿ ಸುತ್ತಿದ ಉದ್ದನೆಯ ಖಾಕಿ ಕಾಗದ. ಬಿಡಿಸಿದರೆ, ಕಂಬದ ಮೇಲೆ ಕಾಗದ ಹಾಸಿ ಪೆನ್ಸಿಲ್ ಉಜ್ಜಿ ತೂತುಗಳ ಅಚ್ಚು ತೆಗೆದಿದ್ದಾರೆ. ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ. "ನಂಗೆ ಟೇಪ್ ಹಿಡಿಯೋಕೆ ಕೈ ನಡುಗುತ್ತೆ, ಅದಕ್ಕೆ ಕಂಬಾನೇ ತಂದೆ" ಎಂದರು. ಎಣಿಸಿದೆ, 40 ತೂತಿಗೆ 1016.

ಆ ಪಿಚ್ಚಿನ ಕಂಬ ನನ್ನ ಹತ್ತಿರ ಹೊಸದಿರಲಿಲ್ಲ. ಮುಚ್ಚಿದ ಯಾವುದೋ ಸೂಪರ್ ಮಾರ್ಕೆಟ್ಟಿನಿಂದ ಬಂದ ಹಳೇ ಮಾಲಿನ ರಾಶಿಯಲ್ಲಿ ಎರಡು ಕಂಬ, ಎಂಟು ಬ್ರಾಕೆಟ್ ಸಿಕ್ಕವು. ಅಜ್ಜ ಪ್ರತಿ ಬ್ರಾಕೆಟ್ಟನ್ನೂ ತಾವು ತಂದದ್ದರ ಪಕ್ಕ ಹಿಡಿದು ನೋಡಿ, ಒಂದರ ಹಲ್ಲು ಬಾಗಿದೆ ಎಂದು ತೆಗೆದಿಟ್ಟರು. ನನಗೆ ಅದು ಕಂಡಿರಲೇ ಇಲ್ಲ. ಆಮೇಲೆ ಅರ್ಧ ಗಂಟೆ ಚೌಕಾಸಿ ಮಾಡಿ, ಬಾಗಿದ ಬ್ರಾಕೆಟ್ಟನ್ನೂ "ಇದೂ ಇರ್ಲಿ, ಬ್ಯಾನರ್ ಕಟ್ಟೋಕಾಗುತ್ತೆ" ಎಂದು ಪುಕ್ಕಟೆ ಟವೆಲ್ಲಿಗೆ ಸುತ್ತಿಕೊಂಡು ಹೊರಟರು. ಖಾಕಿ ಕಾಗದ ಮಾತ್ರ ನನ್ನ ಹತ್ತಿರವೇ ಉಳಿಯಿತು. ಈಗ ಗೋಡೌನಿನ ಬಾಗಿಲಿಗೆ ಅಂಟಿಸಿದ್ದೇನೆ, ಫೋಟೋ ತೋರಿಸಲು ಬರುವವರಿಗೆ ಮೊದಲು ಅದೇ ಕಾಣಲಿ ಎಂದು.