ಐಜಿಟಿ ಅಂದ್ರೆ ಥರ್ಡ್ ಕ್ಲಾಸ್ ಅಲ್ಲ ಸ್ವಾಮಿ

ಹೋದ ತಿಂಗಳು ಒಬ್ರು ಗೆಸ್ಟ್, ಮಗಳ ಎಂಗೇಜ್‌ಮೆಂಟ್ ಖುಷಿಗೆ ಒಳ್ಳೆ ಇಟಾಲಿಯನ್ ರೆಡ್ ತನ್ನಿ ಅಂದ್ರು. ಟಿನ್ಯನೆಲ್ಲೊ ಅನ್ನೋ ವೈನ್ ತಂದಿಟ್ಟೆ. ಬಾಟ್ಲಿ ಕತ್ತಿನ ಸುತ್ತ ಬೆರಳಾಡಿಸಿ "ಸರ್ಕಾರದ ಸೀಲ್ ಪಟ್ಟಿ ಎಲ್ರೀ ಇದ್ರಲ್ಲಿ?" ಅಂತ ಕೇಳಿದ್ರು, ಆಮೇಲೆ ಲೇಬಲ್ ಮೇಲೆ ತೊಸ್ಕಾನ ಐಜಿಟಿ (ತೊಸ್ಕಾನ ಅಂದ್ರೆ ಇಟಲಿಯ ಟಸ್ಕನಿ ಪ್ರಾಂತ್ಯ) ಅಂತ ಇರೋದನ್ನ ಕನ್ನಡಕ ತೆಗೆದು ಓದಿ, "ಡಿಓಸಿಜಿ ಫಸ್ಟ್, ಡಿಓಸಿ ಸೆಕೆಂಡ್, ಇದು ಮೂರನೇದು, ಫೋನಲ್ಲಿ ನೋಡಿದೀನಿ" ಅಂತ ವಾಪಸ್ ತಳ್ಳಿದ್ರು.

ವೈನ್ ಬಡಿಸೋ ಈ ಕೆಲಸಕ್ಕೆ ಬಂದಾಗಿಂದ ಇದನ್ನ ಕೇಳ್ತಾನೇ ಇದೀನಿ. ಡಿಓಸಿಜಿ, ಡಿಓಸಿ, ಐಜಿಟಿ ಅನ್ನೋವು ಇಟಲಿ ಕಾನೂನು ವೈನ್‌ಗಳಿಗೆ ಮಾಡಿರೋ ವರ್ಗಗಳು, ಮಾರ್ಕ್ಸ್ ಕಾರ್ಡ್ ಅಲ್ಲ. ರೂಲ್ಸ್ ಎಷ್ಟು ಬಿಗಿ ಅನ್ನೋದು ಅಷ್ಟೇ. ಮೈಸೂರ್ ಪಾಕ್‌ಗೆ ಕಡಲೆಹಿಟ್ಟು, ತುಪ್ಪ, ಸಕ್ಕರೆ, ಬೇರೇನೂ ಹಾಕಂಗಿಲ್ಲ ಅಂತ ಕಾನೂನು ಮಾಡಿದ್ರು ಅನ್ಕೊಳ್ಳಿ, ಗೋಡಂಬಿ ಹಾಕಿದ ಭಟ್ರು ಆ ಹೆಸರಲ್ಲಿ ಮಾರೋ ಹಾಗಿಲ್ಲ, ಆದ್ರೆ ಅವ್ರ ಕೈರುಚಿ ಎಲ್ಲಿ ಹೋಗತ್ತೆ?

ಟಸ್ಕನಿಲಿ ಆಗಿದ್ದೂ ಇದೇ. ಅಲ್ಲಿನ ಹೆಸರಾಂತ ಕೆಂಪು ವೈನ್ ಕಿಯಾಂತಿಗೆ ಬಿಳಿ ದ್ರಾಕ್ಷಿ ಬೆರೆಸಲೇಬೇಕು ಅಂತ ಆಗಿನ ರೂಲು, ಕೆಂಪು ವೈನಿಗೆ ಬಿಳಿ ದ್ರಾಕ್ಷಿ! ಟಿನ್ಯನೆಲ್ಲೊ ಮಾಡೋ ಆಂಟಿನೋರಿ ಮನೆತನದವರು 1971ರ ಟಿನ್ಯನೆಲ್ಲೊ ಮೇಲೆ ಕಿಯಾಂತಿ ಹೆಸರೇ ಹಾಕ್ಲಿಲ್ಲ, 1975ಕ್ಕೆ ಬಿಳಿ ದ್ರಾಕ್ಷಿ ಪೂರ್ತಿ ಬಿಟ್ರು, ಊರಿನ ಕೆಂಪು ದ್ರಾಕ್ಷಿ ಸ್ಯಾಂಜೊವೇಸೆ ಜೊತೆ ಫ್ರಾನ್ಸಿನ ಕ್ಯಾಬರ್ನೆ ದ್ರಾಕ್ಷಿ ಸೇರಿಸಿದ್ರು. ಸಮುದ್ರದ ಕಡೆ ಬೊಲ್ಗೆರಿ ಊರಿನ ಸಾಸಿಕಾಯಿಯ ಅನ್ನೋ ವೈನ್ ಅಂತೂ 1968ರ ಬಾಟ್ಲಿಯಿಂದಾನೇ ಕ್ಯಾಬರ್ನೆ. ಎಲ್ಲಾ "ಟೇಬಲ್ ವೈನ್" ಅನ್ನೋ ಕಟ್ಟಕಡೆ ಲೇಬಲ್‌ನಲ್ಲೇ ದುಬಾರಿ ಬೆಲೆಗೆ ಮಾರಾಟ ಆಗ್ತಿದ್ವು. ಸರ್ಕಾರಕ್ಕೇ ಮುಜುಗರ ಆಗಿ 1992ರ ಕಾನೂನಲ್ಲಿ ಐಜಿಟಿ ತಂದ್ರು. ದ್ರಾಕ್ಷಿ ಕನಿಷ್ಠ 85% ಆ ಪ್ರಾಂತ್ಯದ್ದಾಗಿದ್ರೆ ಸಾಕು, ಊರಿನ ಕನಾಯೋಲೊ, ಚಿಲಿಯೆಜೋಲೊ, ವರ್ಮೆಂಟಿನೊ ಇರ್ಲಿ, ಹೊರಗಿಂದ ಬಂದ ಮೆರ್ಲೊ, ಸಿರಾ, ಶಾರ್ಡನೆ ಇರ್ಲಿ, ಬ್ಲೆಂಡ್ ನಿಮ್ಮಿಷ್ಟ.

ಅಂದ ಮಾತ್ರಕ್ಕೆ ಐಜಿಟಿ ಅಂದ್ರೆ ಫಾರಿನ್ ದ್ರಾಕ್ಷಿ ಅಂತಾನೂ ಅಲ್ಲ. ಲೆ ಪೆರ್ಗೊಲೆ ತೋರ್ತೆ ಅನ್ನೋ ಟಸ್ಕನಿ ವೈನ್ ಪೂರ್ತಿ ಸ್ಯಾಂಜೊವೇಸೆ, ಅದೂ ತೊಸ್ಕಾನ ಐಜಿಟಿನೇ. ಅದು ಶುರುವಾದ ಕಾಲಕ್ಕೆ ಬರೀ ಸ್ಯಾಂಜೊವೇಸೆ ಹಾಕಿದ್ರೆ ಕಿಯಾಂತಿ ಅನ್ನೋ ಹಾಗಿರ್ಲಿಲ್ಲ, ಈಗ ಅನ್ಬಹುದು, 2006ರಿಂದ ಕಿಯಾಂತಿ ಕ್ಲಾಸಿಕೊದಲ್ಲಿ (ಕಿಯಾಂತಿಯ ಹಳೇ ಮೂಲ ಸೀಮೆಯ ವೈನ್) ಬಿಳಿ ದ್ರಾಕ್ಷೀನೇ ನಿಷೇಧ, ಆದ್ರೂ ಅದನ್ನ ಮಾಡೋರು ಕಿಯಾಂತಿ ಹೆಸರಿಗೆ ವಾಪಸ್ ಹೋಗಿಲ್ಲ. (ಸ್ಯಾಂಜೊವೇಸೆ ನಮ್ಮ ಹಂಪಿ ಕಡೆನೂ ಬೆಳೀತಾರೆ, ಒಮ್ಮೆ ರುಚಿ ನೋಡಿ.)

ಹಾಗಂತ ಐಜಿಟಿ ಇದ್ದಿದ್ದೆಲ್ಲಾ ಸೂಪರ್ ಅಂತ ನಾನು ಬರೆದುಕೊಡಲ್ಲ. ಅದೇ ತೊಸ್ಕಾನ ಐಜಿಟಿ ಹೆಸರಲ್ಲಿ ಅಗ್ಗದ, ನೀರು ನೀರು ವೈನೂ ಬರತ್ತೆ, ಅದಕ್ಕೇ ಮೊದ್ಲು ಮಾಡಿದವ್ರ ಹೆಸರು ನೋಡಿ, ಆಮೇಲೆ ಯಾವ ವರ್ಷದ್ದು ಅಂತ ನೋಡಿ, ಮೂರಕ್ಷರ ಕೊನೆಗೆ.

ಅವತ್ತು ಬಾಟ್ಲಿ ಇನ್ನೂ ಓಪನ್ ಮಾಡಿರ್ಲಿಲ್ಲ, ಬಚಾವ್. ಪಟ್ಟಿ ಇರೋ ಒಂದು ಕಿಯಾಂತಿ ತಂದುಕೊಟ್ಟೆ, ಒಳ್ಳೇದೇ ಅದೂ, ಮನೆಯವ್ರೆಲ್ಲಾ ನಗ್ತಾ ಕುಡಿದ್ರು. ಬಿಲ್ ನೋಡಿ ಮುಖ ಊದಿಸ್ಕೊಂಡಿದ್ದು ನಮ್ಮ ಮ್ಯಾನೇಜರ್ ಮಾತ್ರ.